ಕಪ್ಪು-ಬಿಳುಪಿನ ತುಂಡು

"ಹೊಸ ಪಿಚ್ಚರಲ್ಲೂ ಮಗ ತಿರುಗಿ ನೋಡ್ತಾನಾ?" ಎಂದು ಹೆಂಡತಿ ಲಕ್ಕಮ್ಮ ಮತ್ತೆ ಕೇಳಿದಾಗ ಮುನಿರಾಮಯ್ಯ ತುತ್ತು ಮುದ್ದೆ ನುಂಗಿ, "ನೋಡ್ತಾನೆ ಕಣೇ, ನೋಡ್ತಾನೆ" ಎಂದುಬಿಟ್ಟ. ಹಸಿ ಸುಳ್ಳು. ಹೊಸಕೋಟೆಯ ಟೆಂಟು ಸಿನಿಮಾದಲ್ಲಿ ಪ್ರೊಜೆಕ್ಟರ್ ಓಡಿಸುವವನು ಅವನೇ. ಟೆಂಟಿಗೆ ಬಂದ ಹೊಸ ಚಿತ್ರವನ್ನು ಹಿಂದಿನ ದಿನವೇ ಕೊನೆಯವರೆಗೆ ನೋಡಿದ್ದ.

ಕಥೆಯೇನೋ ಹಳೆಯದೇ. ಇಂಗ್ಲಿಷಿನವರ ಒಬ್ಬ ಡಾಕ್ಟರು ಸತ್ತ ಮಗನನ್ನು ಗಾಜಿನ ತೊಟ್ಟಿಯಲ್ಲಿ ಮಲಗಿಸಿ, ಏನೇನೋ ಔಷಧಿ ಹರಿಸಿ ಎಬ್ಬಿಸಿಬಿಡುತ್ತಾನೆ. ಎದ್ದವನಿಗೆ ಯಾರ ಗುರುತೂ ಇಲ್ಲ. ಕಂಡವರ ಕುತ್ತಿಗೆ ಹಿಸುಕುತ್ತ ಅಲೆಯುತ್ತಾನೆ. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ನೋಡಿದ್ದ ಕಪ್ಪು-ಬಿಳುಪಿನ ಚಿತ್ರದಲ್ಲಿ ತಾಯಿ ಹೊಸ್ತಿಲಲ್ಲಿ ನಿಂತು ಕೂಗುತ್ತಾಳೆ, ಅವನು ತಿರುಗಿ ನೋಡುತ್ತಾನೆ. ಆಮೇಲೆ ಮದರಾಸಿನವರು ಅದನ್ನೇ ಕದ್ದು ತೆಗೆದಾಗ ಸತ್ತವನು ಎದ್ದು, ಮೂರು ಹಾಡು ಹಾಡಿ, ಮದುವೆಯನ್ನೂ ಮಾಡಿಕೊಂಡ. ಜನ ಶಿಳ್ಳೆ ಹೊಡೆದರು, ಲಕ್ಕಮ್ಮ ಮಾತ್ರ "ಹೆತ್ತವಳು ಎಲ್ಲಿ ಹೋದ್ಲು?" ಎಂದು ಗೊಣಗಿದ್ದಳು. ಈಗ ಬಂದಿರುವುದು ಬಣ್ಣದ್ದು. ಇದರಲ್ಲಿ ಮಗ ಬಂದು ಬಾಗಿಲು ತಟ್ಟುತ್ತಾನೆ, ತಾಯಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ.

ಅವರ ಮಗ ಆಂಜಿನಪ್ಪ ಕೆರೆಯ ಪಾಲಾಗಿ ಎರಡು ವರ್ಷ. ಮಣ್ಣು ಮಾಡಿ ಬಂದವನು ಮುನಿರಾಮಯ್ಯನೇ. ಆದರೂ ಅಂದಿನಿಂದ ಲಕ್ಕಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕಲು ಬಿಟ್ಟಿಲ್ಲ. ನಾಯಿ ನುಗ್ಗಿ ಹಿಟ್ಟಿನ ಮಡಕೆ ಉರುಳಿಸಿದರೂ ಸರಿ. ಗಾಳಿಗೆ ಕದ ಅಲುಗಿದರೆ ಅವಳು ಎದ್ದು ಕೂರುತ್ತಾಳೆ; ಅವಳು ಎದ್ದರೆ ಇವನೂ ಏಳಬೇಕು. ಅವನು ನೆಟ್ಟಗೆ ನಿದ್ದೆ ಮಾಡಿ ಎಷ್ಟು ಕಾಲವಾಯಿತೋ. ದುಃಖಕ್ಕಿಂತ ಹೆಚ್ಚಾಗಿ ದಣಿದುಹೋಗಿದ್ದ, ಹಾಗೆ ದಣಿದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಆ ಚಿಲಕವನ್ನು ಇವಳು ಪರದೆಯ ಮೇಲೆ ನೋಡಿದರೆ ಎದೆ ಒಡೆದುಕೊಂಡಾಳು ಎಂದು ಅವನಿಗೆ ಭಯ. ಬರಬೇಡ ಎಂದರೆ ಕೇಳುವ ಹೆಂಗಸಂತೂ ಅಲ್ಲ.

ಸವೆದು ಹರಿದ ಫಿಲ್ಮನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟುಕೊಳ್ಳುವುದು ಅವನ ಅಭ್ಯಾಸ. ಹಳೆಯ ಚಿತ್ರ ಕಡೆಯ ಸಲ ಟೆಂಟಿಗೆ ಬಂದಾಗಿನ ಒಂದು ತುಂಡು ಅದರಲ್ಲಿತ್ತು: ತಾಯಿ ಕೂಗುವುದು, ಮಗ ತಿರುಗುವುದು, ಅಷ್ಟೇ. ಮುನಿರಾಮಯ್ಯ ಬಣ್ಣದ ರೀಲಿನಿಂದ ಚಿಲಕದ ಭಾಗವನ್ನು ಕತ್ತರಿಸಿ ಎತ್ತಿಟ್ಟ. ತುದಿಗಳನ್ನು ಬ್ಲೇಡಿನಿಂದ ಕೆರೆದು, ಅಂಟು ಸವರಿ, ಹಳೆಯ ತುಂಡನ್ನು ಅಲ್ಲಿ ಸೇರಿಸಿದ.

ಸಂಜೆಯ ಆಟದಲ್ಲಿ ಆ ಜಾಗ ಬಂತು. ಕೆಂಪು ಕೋಟಿನ ಮಗ ಬಾಗಿಲ ಬಳಿ ಬಂದ. ಮರುಕ್ಷಣ ಬಣ್ಣವೆಲ್ಲ ಹೋಗಿ, ಇನ್ಯಾವುದೋ ಮನೆಯ ಇನ್ಯಾವುದೋ ತಾಯಿ ಕೂಗಿದಳು, ಇನ್ಯಾರದೋ ಮಗ ತಿರುಗಿ ನೋಡಿದ. ಟೆಂಟಿಗೆ ಟೆಂಟೇ ನಕ್ಕಿತು. ಟೆಂಟಿನ ಯಜಮಾನ ಅಪ್ಪಯ್ಯಣ್ಣ ಓಡಿ ಬಂದು, "ಲೇ ಮುನಿರಾಮ, ಕಲರ್ ಎಲ್ಲೋ ಹೋಯ್ತು? ಜನ ಟೆಂಟೇ ಕಿತ್ತಾಕ್ತಾರೆ ಕಣೋ!" ಎಂದು ಕಿರುಚಿದ. ಮುನಿರಾಮಯ್ಯ ಪರದೆಯನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಹೆಂಗಸರ ಕಡೆ ನೋಡಿದ. ಮರಳಿನ ಮೇಲೆ ಕೂತ ಲಕ್ಕಮ್ಮ ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ.

ಮನೆಯ ದಾರಿಯಲ್ಲಿ ಅವಳೇ ಬಾಯಿ ಬಿಟ್ಟಳು. "ಅದು ಹಳೇದು."

"ಹೂಂ."

"ಹೊಸದ್ರಲ್ಲಿ ಅವ್ಳು ಏನ್ ಮಾಡ್ತಾಳೆ?"

ಇನ್ನೊಂದು ಸುಳ್ಳು ಹೇಳಲು ಅವನಲ್ಲಿ ತ್ರಾಣವಿರಲಿಲ್ಲ. "ಚಿಲಕ ಹಾಕ್ಕೋತಾಳೆ."

"ಮಗ ಬಾಗ್ಲು ತಟ್ತಾ ಇರ್ವಾಗ್ಲೇನಾ?"

"ತಟ್ತಾ ಇರ್ವಾಗ್ಲೇ. ಆಮೇಲೆ ಕದಕ್ಕೆ ಬೆನ್ನು ಕೊಟ್ಟು ಕೂತ್ಕೊಂಡು ಅಳ್ತಾಳೆ."

ಲಕ್ಕಮ್ಮ, "ಪಾಪ, ಅವ್ಳಿಗೂ ಸಾಕಾಗಿತ್ತೇನೋ" ಎಂದಳು.

ಮನೆಗೆ ಬಂದವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕದ ಮುಂದೆ ಮಾಡಿ, ಚಿಲಕಕ್ಕೆ ಕೈ ಹಾಕಿದಳು. ಎರಡು ವರ್ಷದ ತುಕ್ಕು, ಅದು ಜಗ್ಗಲಿಲ್ಲ. ಚಾಪೆ ಹಾಸಿ ಕೂತಿದ್ದ ಮುನಿರಾಮಯ್ಯ ಎದ್ದ. "ನೀವು ಕೂತ್ಕೊಳ್ಳಿ" ಎಂದಳು. ಹರಳೆಣ್ಣೆಯ ಕುಡಿಕೆ ತಂದು, ಬೆರಳಲ್ಲಿ ಅದ್ದಿ ಅದ್ದಿ ಚಿಲಕಕ್ಕೆ ಸವರಿದಳು. ಮಗನ ತಲೆಗೂ ಹಾಗೆಯೇ ಎಣ್ಣೆ ಒತ್ತುತ್ತಿದ್ದಳು. ಕಡೆಗೊಮ್ಮೆ ಚಿಲಕ ಕಿರ್ರೆಂದು ಸರಿದು ಕೂತಿತು. ಲಕ್ಕಮ್ಮ ಎಣ್ಣೆಗೈಯಲ್ಲೇ ಕದಕ್ಕೆ ಬೆನ್ನು ಕೊಟ್ಟು ಕೂತಳು.

ಮುನಿರಾಮಯ್ಯ ಹಾಸಿದ್ದ ಚಾಪೆಯನ್ನು ಬಾಗಿಲ ಹತ್ತಿರ, ಅವಳ ಪಕ್ಕಕ್ಕೆ ಎಳೆದು ತಂದ.