ಪೈಪಣ್ಣನ ಕಾರಿನಲ್ಲಿ ನೀರು

ಮಗಳು ಕಾರಿನ ಬಾಗಿಲು ಎಳೆದದ್ದೇ ತಡ, ಒಳಗಿನಿಂದ ಒಂದು ಚೊಂಬಿನಷ್ಟು ನೀರು ದಬಕ್ಕನೆ ಅವಳ ಪಾದದ ಮೇಲೆ ಸುರಿಯಿತು. ಬಗ್ಗಿ ಸೀಟಿನ ಹಿಂದೆ ಕೈಯಾಡಿಸಿದಳು. ಕಾರ್ಪೆಟ್ಟು ಹಿಂಡದೆ ಬಿಟ್ಟ ಬಟ್ಟೆಯಂತೆ ತೊಟ್ಟಿಕ್ಕುತ್ತಿತ್ತು.

ಆಗ ಹತ್ತು ಗಂಟೆ. ಹನ್ನೊಂದಕ್ಕೆ ಶವದ ವ್ಯಾನು ಬರುವುದಿತ್ತು. ಅಪ್ಪ ನಡುಮನೆಯಲ್ಲಿ ಬಿಳಿ ಮರದ ಪೆಟ್ಟಿಗೆಯೊಳಗೆ ಮಲಗಿದ್ದ. ವ್ಯಾನಿನ ಹಿಂದೆ ಇದೇ ಕಾರನ್ನು, ಟಾಪು ಪೂರ್ತಿ ಮಡಚಿ, ತಾನೇ ಓಡಿಸಿಕೊಂಡು ಬರುತ್ತೇನೆಂದು ಅಮ್ಮ ನಿನ್ನೆಯೇ ಹೇಳಿಬಿಟ್ಟಿದ್ದಳು.

ಬಟ್ಟೆಯ ಟಾಪನ್ನು ಮಡಚಿ ಹಿಂದಕ್ಕೆ ಸರಿಸುವ ಕಾರು ಅದು. ಅಂಥ ಟಾಪಿನ ಮೇಲೆ ಬಿದ್ದ ಮಳೆನೀರು ಹಿಂದಿನ ಎರಡು ಮೂಲೆಗಳ ತೂತಿಗೆ ಇಳಿದು, ರಬ್ಬರ್ ಪೈಪಿನಲ್ಲಿ ಹಾದು, ಗಾಲಿಯ ಹತ್ತಿರ ನೆಲಕ್ಕೆ ಬೀಳಬೇಕು. ಎಲೆ, ಧೂಳು ಸೇರಿ ಪೈಪು ಕಟ್ಟಿಕೊಂಡರೆ ನೀರು ಕಾರಿನೊಳಗೇ ಸಂಸಾರ ಹೂಡುತ್ತದೆ. ಅಪ್ಪನಿಗೆ ಈ ಪೈಪುಗಳದ್ದೇ ಧ್ಯಾನ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯಲ್ಲಿ ಮಸೂರ ಉಜ್ಜುತ್ತಿದ್ದ. ಆದರೆ ರಸ್ತೆಯಲ್ಲಿ ಇಂಥ ಯಾವ ಕಾರು ಕಂಡರೂ ನಿಂತು, "ಪೈಪು ನೋಡ್ಕೊಂಡ್ರಾ?" ಎಂದು ಕೇಳದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಊರಿಗೆಲ್ಲ ಪೈಪಣ್ಣನಾದದ್ದು ಹಾಗೆ.

ಸ್ಮಶಾನದಲ್ಲಿ ಎರಡು ಮಾತಾಡುವ ಕೆಲಸ ಮಗಳದು. ಅವಳ ಚೀಲದಲ್ಲಿದ್ದ ಹಾಳೆಯಲ್ಲಿ 'ನಮ್ಮ ಅಪ್ಪ' ಎಂಬ ಎರಡೇ ಪದ ಇದ್ದವು. ಮೂವತ್ತೆಂಟು ವರ್ಷ ಗಾಜು ಉಜ್ಜಿದವನ ಬಗ್ಗೆ ಮುಂದೇನು ಬರೆಯುವುದೋ ತೋಚಿರಲಿಲ್ಲ.

"ಪೈಪಣ್ಣನ ಕಾರಲ್ಲೇ ನೀರು," ಎಂದ ಹಿಂದಿನಿಂದ ಬಂದ ಚಿಕ್ಕಪ್ಪ. "ಮೆಲ್ಲಗೆ ಬಾಗಿಲು ಹಾಕು. ಯಾರಾದ್ರೂ ನೋಡಿದ್ರೆ ಅಣ್ಣನ ಮಾನ ಹೋಗತ್ತೆ."

*

ಆಸ್ಪತ್ರೆಯ ಮಂಚದಲ್ಲಿ ಅಪ್ಪ ಮೂರು ತಿಂಗಳಿದ್ದ. ಒಂದು ಮಧ್ಯಾಹ್ನ ಕಿಟಕಿಯಾಚೆ ಮಳೆ ಹನಿಯಿತು. ಅಪ್ಪ ದಿಂಬಿನಿಂದ ತಲೆಯೆತ್ತಿದ.

"ಪೈಪು ನೋಡಿದ್ಯಾ?"

"ನೋಡ್ದೆ ಅಪ್ಪ."

"ಎರಡೂ ಕಡೆ?"

"ಎರಡೂ ಕಡೆ."

"ನೀರು ಹಾಕಿ ನೋಡಿದ್ಯಾ? ಗಾಲಿ ಹತ್ರ ಬಂತಾ?"

"ಬಂತು. ಮಲ್ಕೋ."

ಅಪ್ಪ ನೆಮ್ಮದಿಯಿಂದ ಕಣ್ಣು ಮುಚ್ಚಿದ. ಅವಳು ಆ ಕಾರಿನ ಹತ್ತಿರವೂ ಸುಳಿದಿರಲಿಲ್ಲ.

*

"ಅಮ್ಮ, ಒಂದು ತಪ್ಪಾಗಿದೆ," ಎಂದಳು ಮಗಳು. ಅಮ್ಮ ಆಗಲೇ ಕಾರಿನ ಪಕ್ಕ ಬಂದು ನಿಂತಿದ್ದಳು. ನಲವತ್ತು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳಿದವಳು. ಶಿಷ್ಯರು ಕಂಬಕ್ಕೆ ಗುದ್ದಿದರೂ ಗಾಬರಿಯಾದವಳಲ್ಲ. "ಪೈಪು ನೋಡಿದೆ ಅಂತ ಅಪ್ಪನಿಗೆ ಸುಳ್ಳು ಹೇಳ್ಬಿಟ್ಟೆ."

ಅಮ್ಮ ಒದ್ದೆ ಕಾರ್ಪೆಟ್ಟನ್ನು ನೋಡಿದಳು, ಮಗಳನ್ನು ನೋಡಿದಳು. "ನಾನೂ ಅದನ್ನೇ ಹೇಳಿದೆ ಕಣೇ."

ಇಬ್ಬರೂ ಚಿಕ್ಕಪ್ಪನ ಕಡೆ ತಿರುಗಿದರು. ಅವನು ಆಕಾಶ ನೋಡುತ್ತಿದ್ದ.

"ನನ್ನನ್ನೂ ಕೇಳಿದ್ದ," ಎಂದ ಕೊನೆಗೆ. "ಅತ್ತಿಗೆ ನೋಡಿರ್ತಾರೆ ಅಂದ್ಕೊಂಡು ಹೂಂ ಅಂದೆ."

ಅಮ್ಮನಿಗೆ ನಗು ಉಕ್ಕಿಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಅವಳ ನಗು ಕೇಳಿ, ಅಳುತ್ತಿದ್ದಾಳೆಂದೇ ಭಾವಿಸಿ, ಅಪ್ಪನನ್ನು ಕೊನೆಯ ಸಲ ನೋಡಲು ಬಂದು ಒಳಗಿದ್ದ ಹಲ್ಲಿನ ಡಾಕ್ಟರಮ್ಮ ಮತ್ತು ಬೇಕರಿಯವರು ಹೊರಗೆ ಓಡಿಬಂದರು. ಮಾನ ಉಳಿಸುವ ಮಾತು ಅಲ್ಲಿಗೆ ಮುಗಿಯಿತು.

ಚಿಕ್ಕಪ್ಪ ಷರ್ಟು ನೇತುಹಾಕುವ ಹ್ಯಾಂಗರಿನ ತಂತಿ ಬಿಚ್ಚಿ ನೆಟ್ಟಗೆ ಮಾಡಿಕೊಂಡು ಬಂದ.

"ತಂತಿ ಬೇಡ," ಎಂದರು ಡಾಕ್ಟರಮ್ಮ, ಬೇಕರಿಯವರು, ಅಮ್ಮ ಮೂವರೂ ಒಂದೇ ಉಸಿರಿಗೆ.

"ರಬ್ಬರು ತೂತಾಗತ್ತೆ," ಎಂದು ಡಾಕ್ಟರಮ್ಮ ವಿವರಿಸಿದರು. "ಹುಲ್ಲು ಕತ್ತರಿಸೋ ಮಿಷನ್ನಿನ ನೈಲಾನ್ ದಾರ ಬೇಕು. ಜೋರಾಗಿ ಗಾಳಿನೂ ಹೊಡೀಬಾರ್ದು, ಪೈಪು ಕಿತ್ಕೊಳ್ಳತ್ತೆ. ಪೈಪಣ್ಣನವರ ಬಾಯಿಗೆ ಹತ್ತಿ ತುರುಕಿ ಹಲ್ಲು ಕೊರೀತಾ ಇದ್ರೂ ನನಗೆ ಇದೇ ಪಾಠ. ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ. ಆದ್ರೂ ಏನು ಹೇಳ್ತಿದಾರೆ ಅಂತ ಗೊತ್ತಿರ್ತಿತ್ತು."

ಬೇಕರಿಯವರು ತೋಳು ಮಡಚಿದರು. "ನನ್ನ ಕಾರಿನ ಗಾಜಿಗೆ ವಾರಕ್ಕೊಂದು ಚೀಟಿ ಸಿಕ್ಕಿಸ್ತಿದ್ರು. 'ಎಲೆ ಬಿದ್ದಿವೆ, ನೋಡಿಕೊಳ್ಳಿ.' ಯಾರೋ ಬೆದರಿಸ್ತಿದಾರೆ ಅಂತ ಪೊಲೀಸಿಗೆ ಹೇಳೋಕೆ ಹೊರಟಿದ್ದೆ. ಅಷ್ಟ್ರಲ್ಲಿ ಒಂದಿನ ನೋಡ್ತೀನಿ, ಈ ಮಹಾನುಭಾವರು ನನ್ನ ಕಾರಿನ ಕೆಳಗೆ ಮಲಗಿದಾರೆ, ಅಂಗಡಿಗೆ ಹೋಗೋ ಬಟ್ಟೆಯಲ್ಲೇ."

ನೈಲಾನ್ ದಾರ ಷೆಡ್ಡಿನ ಮೊಳೆಯಲ್ಲಿ ಮೊಳದುದ್ದಕ್ಕೆ ಕತ್ತರಿಸಿಟ್ಟಂತೆಯೇ ತೂಗುತ್ತಿತ್ತು. ಬಲಮೂಲೆಗೆ ಡಾಕ್ಟರಮ್ಮ, ಬೇಕರಿಯವರು. ಎಡಮೂಲೆಗೆ ಮಗಳು, ಚಿಕ್ಕಪ್ಪ. ಅಮ್ಮ ತಂಬಿಗೆ ಹಿಡಿದು ನಿಂತಳು. ಮಗಳು ಟಾಪಿನ ಮಡಿಕೆಯ ಸಂದಿಗೆ ಕೈ ಹಾಕಿದಳು. ಬೆರಳಿಗೆ ತಗುಲಿದ್ದು ಕೊಳೆತ ಎಲೆಯ ಕರಿ ರಾಡಿ, ಅದರಲ್ಲಿ ಚಿಗುರೊಡೆದ ಒಂದು ಬೀಜ.

"ಮೆಲ್ಲಗೆ, ತಿರುವಿ ತಿರುವಿ," ಎಂದಳು ಅಮ್ಮ.

*

ಈ ಕಾರು ಅಮ್ಮನದು, ಮದುವೆಗೂ ಮೊದಲಿನದು. ಒಂದು ದಿನ ತಂಪು ಕನ್ನಡಕ ಕೊಳ್ಳಲು ಅಂಗಡಿಗೆ ಹೋದಾಗ ಅವಳ ಬೂಟು ಪಚಪಚ ಎನ್ನುತ್ತಿತ್ತು. ಮಸೂರ ಉಜ್ಜುತ್ತಿದ್ದ ಹುಡುಗ ತಲೆಯೆತ್ತಿ, ಹೊರಗೆ ಬಿಸಿಲಿದೆಯಲ್ಲ, ಬೂಟು ಯಾಕೆ ಒದ್ದೆ ಎಂದು ಕೇಳಿದ. ಕಾರಿನಲ್ಲಿ ಕೆರೆಯಿದೆ ಎಂದಳು. ಅವನು ಆವರೆಗೆ ಅಂಥ ಕಾರನ್ನು ಮುಟ್ಟಿದವನೂ ಅಲ್ಲ. ಊಟದ ಬಿಡುವಿನಲ್ಲಿ ಬಂದು, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂದು ಹುಡುಕುತ್ತ ಹುಡುಕುತ್ತ ಊಟ ಬಿಟ್ಟ.

"ಸರಿಯಾಯ್ತೋ ಇಲ್ಲವೋ ಮಳೆ ಬಂದ್ರೆ ಗೊತ್ತಾಗತ್ತೆ," ಎಂದಳು ಅವಳು.

ಹತ್ತೊಂಬತ್ತು ದಿನ ಮಳೆ ಬರಲಿಲ್ಲ. ಹುಡುಗ ದಿನಕ್ಕೆ ನಾಲ್ಕು ಸಲ ಅಂಗಡಿಯ ಬಾಗಿಲಿಗೆ ಬಂದು ಮೋಡ ನೋಡಿದ. ಇಪ್ಪತ್ತನೆಯ ದಿನ ಜಡಿಮಳೆ. ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅವಳು ಬಂದು, ಕಾಲನ್ನು ಮೆಟ್ಟಿಲ ಮೇಲಿಟ್ಟು, ಒಣ ಬೂಟು ತೋರಿಸಿದಳು. ಅವನು ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿ, ತಾನೇ ಮಳೆ ಬರಿಸಿದವನ ಹಾಗೆ ನಕ್ಕ.

*

ಬಲಗಡೆ ಗಾಲಿಯ ಹಿಂದೆ ಮೊದಲು ತೊಟ್ಟು, ಆಮೇಲೆ ಧಾರೆ. ಎಡಗಡೆ ಸ್ವಲ್ಪ ಸತಾಯಿಸಿತು. ಚಿಕ್ಕಪ್ಪ ಅಂಗಾತ ಮಲಗಿ ಕೆಳಗಿನ ತುದಿ ಹಿಡಿದ, ಮಗಳು ಮೇಲಿನಿಂದ ದಾರ ತಿರುವಿದಳು. ಗೊಳಕ್ಕೆಂದು ಸದ್ದಾಗಿ ಕರಿ ನೀರೆಲ್ಲ ಅವನ ಎದೆಯ ಮೇಲೆ ಇಳಿಯಿತು.

"ಬಂತು," ಎಂದ ಕೆಳಗಿನಿಂದ, ಪರಮ ಸಂತೋಷದಲ್ಲಿ. "ಅತ್ತಿಗೆ, ಇನ್ನೊಂದು ತಂಬಿಗೆ ಹಾಕಿ."

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಸ್ಮಶಾನದಲ್ಲಿ ಅವರ ಹಿಂದೆ ಇನ್ನೊಬ್ಬರ ಸರದಿಯಿತ್ತು. ವ್ಯಾನಿನವನು ಗಡಿಯಾರ ನೋಡಿಕೊಂಡ. ಕೈ ತೊಳೆಯಲು ಪುರುಸೊತ್ತಾಗಲಿಲ್ಲ. ಹುಲ್ಲಿಗೆ ಒರೆಸಿದ್ದೇ ಬಂತು, ನಾಲ್ವರೂ ಒಳಗೆ ಹೋಗಿ ಪೆಟ್ಟಿಗೆ ಎತ್ತಿದರು.

ಅಮ್ಮ ಒದ್ದೆ ಸೀಟಿನ ಮೇಲೆ ಟವೆಲು ಹಾಸಿ ಕೂತು ಟಾಪು ಮಡಚಿದಳು. ಮಗಳು ಪಕ್ಕದಲ್ಲಿ ಕೂತಳು.

"ಏನು ಮಾತಾಡ್ಬೇಕು ಅಂತ ಬರ್ಕೊಂಡ್ಯಾ?"

"ಇಲ್ಲ. ನಾವು ಮೂರು ಜನ ಸುಳ್ಳು ಹೇಳಿದ್ವಲ್ಲ, ಅಲ್ಲಿಂದ ಶುರು ಮಾಡ್ತೀನಿ."

"ನನ್ನದನ್ನ ಕೊನೆಗೆ ಹೇಳು," ಎಂದಳು ಅಮ್ಮ, ಗೇರು ಹಾಕುತ್ತ.

ಪೆಟ್ಟಿಗೆಯನ್ನು ಒಳಗೆ ಸರಿಸಿದ ವ್ಯಾನಿನವನು ಅದರ ಪಕ್ಕವನ್ನು ನೋಡಿ, ಜೇಬಿನಿಂದ ಬಟ್ಟೆ ತೆಗೆದ.

"ಬಿಡಪ್ಪ, ಇರಲಿ," ಎಂದಳು ಅಮ್ಮ ಕಾರಿನಿಂದಲೇ.

ವ್ಯಾನು ಹೊರಟಿತು. ಬಿಸಿಲಿನಲ್ಲಿ, ತಲೆಯ ಮೇಲೆ ಗಾಳಿ ಹಾಯುತ್ತಿರಲು, ಮಗಳು ದಾರಿಯುದ್ದಕ್ಕೂ ಮುಂದಿನ ಗಾಜಿನಾಚೆ ನೋಡುತ್ತ ಕೂತಳು. ವ್ಯಾನಿನ ಹಿಂಬದಿಯ ಗಾಜಿನೊಳಗೆ ಕಾಣುತ್ತಿದ್ದ ಬಿಳಿ ಮರದ ಮೇಲೆ ಕಪ್ಪಾಗಿ ಮೂಡಿದ್ದವು: ಡಾಕ್ಟರಮ್ಮನ ಸಣ್ಣ ಬೆರಳುಗಳು, ಬೇಕರಿಯವರ ರೊಟ್ಟಿಯಗಲದ ಅಂಗೈ, ಚಿಕ್ಕಪ್ಪನ ಹೆಬ್ಬೆರಳು, ಅದರ ಪಕ್ಕದಲ್ಲಿ ಅವಳದೇ ಐದೂ ಬೆರಳು.