ಅಕ್ಕಯಮ್ಮನ ಪಾಲಿನ ಹುಳು

ಶಿಡ್ಲಘಟ್ಟದ ಹತ್ತಿರ ಮೋಹನ್‌ಬಾಬು ಒಂದು ಚಾಕಿ ಕೇಂದ್ರ ನಡೆಸುತ್ತಿದ್ದರು. ಎಳೆಯ ರೇಷ್ಮೆ ಹುಳುಗಳನ್ನು ಹದವಾಗಿ ಸಾಕಿ ರೈತರ ಮನೆಗೆ ಕಳಿಸುವ ಜಾಗ ಅದು. ಯಾರಿಗೆ ಯಾವ ದಿನ ಎಷ್ಟು ಹುಳು ಬೇಕೆಂದು ಕೌಂಟರಿನ ಮೇಲಿನ ಟ್ಯಾಬ್‌ನಲ್ಲಿ ರೈತರೇ ತಮ್ಮ ತಮ್ಮ ನಂಬರ್ ಹಾಕಿ ಒತ್ತಬೇಕು. ಅದರ ಹಿಂದೆ ಓಡುವ ವೆಬ್ ಸರ್ವರನ್ನು ಮಂಡಿಕಲ್ಲಿನ ಕವಿತ ಒಬ್ಬಳೇ ಕೂತು ಬರೆದಿದ್ದಳು. ಹತ್ತು ದಿನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಮಂಗಳವಾರ ಬೆಳಿಗ್ಗೆ ಅಕ್ಕಯಮ್ಮ ಬಂದು ಕೌಂಟರಿಗೆ ಕೈಯೂರಿ ನಿಂತಳು.

"ಏನಮ್ಮಾ ಕವಿತಮ್ಮಾ, ನಿನ್ನೆ ನನ್ನ ಹುಳ ಬರಬೇಕಿತ್ತಲ್ಲ? ಮುನಿಗಂಗಪ್ಪನ ಮನೆಗೆ ಎರಡು ಪಾಲು ಹೋಗೈತೆ, ನಂಗೆ ಒಂದೂ ಇಲ್ಲ. ತೋಟದಲ್ಲಿ ಹುಳಕ್ಕೆ ಹಾಕೋ ಸೊಪ್ಪು ಬಲಿತಾ ಐತೆ."

ಕವಿತ ನೋಡಿದರೆ, ಮುನಿಗಂಗಪ್ಪನ ಹೆಸರಿನಲ್ಲಿ ಎರಡು ಬುಕಿಂಗ್.

"ನೀವು ಅವರ ನಂಬರ್ ಒತ್ತಿರ್ಬೇಕು, ಅಮ್ಮಾ."

"ನನ್ನ ನಂಬರ್ ನಂಗೆ ಗೊತ್ತಿಲ್ವಾ?" ಎಂದು ಅಕ್ಕಯಮ್ಮ ಅಲ್ಲೇ ಒತ್ತಿ ತೋರಿಸಿದಳು. ಹೆಸರು ಸರಿಯಾಗಿಯೇ ಬಂತು. ಕವಿತ ಉಸಿರು ಬಿಟ್ಟಳು. ಅಕ್ಕಯಮ್ಮ ಬಿಡಲಿಲ್ಲ.

"ಈಗ ಸರಿ ಬರ್ತೈತೆ. ಅವತ್ತು ಮುನಿಗಂಗಪ್ಪ ಕೈ ತೆಗೆದ, ನಾನು ಒತ್ತಿದೆ. ಅವನ ಬೆನ್ನಿಗೇ."

ಕವಿತ ಯೋಚಿಸಿ, ಟ್ಯಾಬನ್ನು ಒಂದು ನಿಮಿಷ ಹಾಗೇ ಬಿಟ್ಟು, ತನ್ನ ನಂಬರ್ ಒತ್ತಿ ಟ್ಯಾಬನ್ನು ತಕ್ಷಣ ಅವಳ ಕೈಗೆ ಕೊಟ್ಟಳು. ಅಕ್ಕಯಮ್ಮ ತನ್ನದನ್ನು ಒತ್ತಿದಳು. ತೆರೆಯ ಮೇಲೆ 'ನಮಸ್ಕಾರ, ಕವಿತ' ಅಂತ ಬಂತು.

ಕವಿತಳಿಗೆ ಮುಖ ಎತ್ತಲಾಗಲಿಲ್ಲ; ತಪ್ಪು ಎಲ್ಲಿದೆ ಎಂದು ಹೊಳೆದಿತ್ತು. ಟ್ಯಾಬ್ ಪ್ರತಿ ಸಲವೂ ಹೊಸ ಸಂಪರ್ಕ ಮಾಡುವುದಿಲ್ಲ. ಒಮ್ಮೆ ತೆರೆದದ್ದನ್ನೇ ಹಿಡಿದುಕೊಂಡು ಕೋರಿಕೆಯ ಹಿಂದೆ ಕೋರಿಕೆ ಕಳಿಸುತ್ತದೆ. ಹದಿನೈದು ಸೆಕೆಂಡು ಏನೂ ಬರದಿದ್ದರೆ ಮಾತ್ರ ಸರ್ವರ್ ಅದನ್ನು ಮುಚ್ಚುತ್ತದೆ. ಮತ್ತೆ ಮತ್ತೆ ಹುಡುಕುವ ಶ್ರಮ ಉಳಿಯಲಿ ಎಂದು, ಮೊದಲು ಬಂದವರ ಹೆಸರನ್ನು ಅವಳು ಆ ಸಂಪರ್ಕಕ್ಕೇ ಅಂಟಿಸಿಬಿಟ್ಟಿದ್ದಳು. ಮನೆಯಲ್ಲಿ ತನ್ನದೊಂದೇ ನಂಬರಿನಿಂದ ಪರೀಕ್ಷಿಸಿದವಳಿಗೆ ಇದು ಕಂಡಿರಲಿಲ್ಲ.

"ತಪ್ಪು ನಂದೇ, ಅಮ್ಮಾ" ಅಂದಳು.

ಮೋಹನ್‌ಬಾಬು ಒಳಗಿನಿಂದ ಬಂದರು. "ಇದೆಲ್ಲಾ ಬೇಡ, ಹಳೇ ಪುಸ್ತಕಕ್ಕೇ ಹೋಗಣ."

"ಯಾಕಪ್ಪಾ? ಎಲ್ಲಿ ಕೆಟ್ಟೈತೆ ಅಂತ ಗೊತ್ತಾಯ್ತಲ್ಲ, ಸರಿ ಮಾಡ್ಲಿ" ಅಂದಳು ಅಕ್ಕಯಮ್ಮ. ಮೋಹನ್‌ಬಾಬು ಒಪ್ಪಿ ಒಳಗೆ ಹೋದರು.

ಕವಿತ ಮುನಿಗಂಗಪ್ಪನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದಳು. ಹೆಚ್ಚಿಗೆ ಬಂದ ಟ್ರೇಗಳನ್ನು ಅವನು ಬೇರೆ ಇಟ್ಟು ಸೊಪ್ಪು ಹಾಕುತ್ತಿದ್ದ. "ನಾನೂ ಯಾರದ್ದಪ್ಪಾ ಇದು ಅಂತಿದ್ದೆ. ತಂಪು ಹೊತ್ತಲ್ಲಿ ಬಂದು ತಗೊಂಡೋಗಿ" ಅಂದ. ಬಿಸಿಲು ಇಳಿದ ಮೇಲೆ ವ್ಯಾನು ಹೋಗಿ ಅವುಗಳನ್ನು ಅಕ್ಕಯಮ್ಮನ ಮನೆಗೆ ಮುಟ್ಟಿಸಿತು.

ಮುಂದಿನ ಎರಡು ದಿನ ಕವಿತ ಟ್ಯಾಬ್ ಎತ್ತಿಟ್ಟು ಕೂತು ತಿದ್ದಿದಳು. ಈಗ ಸಂಪರ್ಕ ತೆರೆದೇ ಇರುತ್ತದೆ, ಆದರೆ ಅದಕ್ಕೆ ಯಾರ ಹೆಸರೂ ಅಂಟುವುದಿಲ್ಲ. ಪ್ರತಿ ಕೋರಿಕೆಯೂ ತನ್ನ ಗುರುತನ್ನು ತಾನೇ ಹೊತ್ತು ಬರಬೇಕು. ಶುಕ್ರವಾರ ಅಕ್ಕಯಮ್ಮನೂ ಇನ್ನಿಬ್ಬರು ರೈತರೂ ಟ್ಯಾಬನ್ನು ಕೈಯಿಂದ ಕೈಗೆ ಕಸಿದುಕೊಂಡಂತೆ ಒತ್ತಿದರು. ಮೂರು ಹೆಸರೂ ಸರಿಯಾಗಿ ಬಂದವು.

"ಇನ್ಮೇಲೆ ಏನೇ ಬದಲಾಯಿಸಿದ್ರೂ ಮೊದಲು ನಿಮ್ಮ ಕೈಲಿ ಒತ್ತಿಸ್ತೀನಿ, ಬರ್ತೀರಾ?" ಎಂದು ಕವಿತ ಅಕ್ಕಯಮ್ಮನನ್ನು ಕೇಳಿದಳು.

"ಹುಳ ಜ್ವರಕ್ಕೆ ಕೂತ ದಿನ ಕರಿ ಕಣಮ್ಮಾ" ಅಂದಳು ಅಕ್ಕಯಮ್ಮ. "ಅವತ್ತು ಪೊರೆ ಬಿಡೋವರ್ಗೂ ಅವು ಏನೂ ತಿನ್ನಲ್ಲ. ನಂಗೂ ಬಿಡುವು."