ನೋವು ನಿಂತ ಮೇಲೆ

ಎಲೆ, ಒಂದೇ ಒಂದು ಬರ್ಚ್ ಎಲೆ, ಮೀಯುವಾಗ ಮೈಗೆ ಬಡಿದುಕೊಳ್ಳಲೆಂದು ಬೇಸಿಗೆಯಲ್ಲಿ ಕಟ್ಟು ಕಟ್ಟಿ ಅಟ್ಟದಲ್ಲಿ ಒಣಗಿಸಿಟ್ಟದ್ದು, ಬಿಸಿನೀರಿಗೆ ಬಿದ್ದು ಮತ್ತೆ ಹಸಿರಾದದ್ದು, ಅವನ ಹೊಕ್ಕುಳಿನ ಪಕ್ಕ ಅಂಟಿಕೊಂಡಿದೆ, ತೆಗೆದುಹಾಕಲೆಂದು ಚಾಚಿದ ಡಾಕ್ಟರ್ ಹಿಲ್ಕಾಳ ಕೈ ಅರ್ಧಕ್ಕೇ ನಿಂತಿತು – ಸೌನಾಕ್ಕೆ, ಅಂಗಳದ ಹಬೆಮನೆಗೆ, ಹೋಗಿ ಬಂದಿದ್ದಾನೆ ಇವನು, ಹೊಟ್ಟೆನೋವೆಂದು ನಿನ್ನೆಯಿಂದ ಒದ್ದಾಡಿ, ಇಲ್ಲಿಗೆ ಹೊರಡುವ ಮುಂಚೆ ಸೌನಾದ ಹಬೆಯಲ್ಲಿ ಕೂತು ಬೆವರಿಳಿಸಿ ಬಂದಿದ್ದಾನೆ, ಮೈಯೆಲ್ಲ ಹೊಗೆಯ ವಾಸನೆ, ಒಗೆದು ಮಡಿಚಿಟ್ಟಿದ್ದ ಬಿಳಿ ಒಳಂಗಿ, ಮತ್ತೇನು, ಈ ಕಾಡುಸೀಮೆಯಲ್ಲಿ ಯಾರು ತಾನೇ ತೊಳೆಯದ ಮೈ ಹೊತ್ತು ಡಾಕ್ಟರ ಮುಂದೆ ಮಲಗುತ್ತಾರೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವನ ತಾಯಿ ಸೈಮಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಹೇಳುತ್ತಿದ್ದಾಳೆ, ಮರ ಕಡಿಯೋನು ಡಾಕ್ಟರಮ್ಮ, ಮೈಯೆಲ್ಲ ಅಂಟು, ಹಂಗೇ ಕರ್ಕೊಂಡ್ ಬಂದ್ರೆ ನನ್ನ ಮಾನ ಉಳಿಯುತ್ತಾ, ಬೆಳಿಗ್ಗೆ ಎದ್ದೋಳೇ ಸೌನಾ ಕಾಯಿಸ್ದೆ, ನೋಡಿ, ನೋವೇ ಹೊರಟೋಯ್ತು. ಹೊರಟುಹೋಯಿತು. ಆ ಮಾತು ಹಿಲ್ಕಾಳ ಕಿವಿಯೊಳಗೆ ಇಳಿದು ಅಲ್ಲೇ ಕೂತಿತು. ಮಲಗಿದ್ದ ಪೆಂಟಿ ಚಾವಣಿ ನೋಡುತ್ತ, ನಾನು ಬರಲ್ಲ ಅಂದೆ, ಅಮ್ಮ ಹಾಲಿನ ಲಾರಿಯವನಿಗೆ ಆಗಲೇ ಹೇಳಿಬಿಟ್ಟಿದ್ಲು, ಹಾಲಿನ ಕ್ಯಾನುಗಳ ಮಧ್ಯೆ ನನ್ನೂ ಒಂದು ಕ್ಯಾನಿನ ಹಂಗೆ ಇಳಿಸಿ ಹೋದ, ಎನ್ನುತ್ತಾನೆ, ನರ್ಸ್ ಟೈನಾ ನಗುತ್ತಾಳೆ, ಹುಳಿಯಾಗಿಲ್ಲ ತಾನೇ ಎನ್ನುತ್ತಾಳೆ, ಇನ್ನೂ ಇಲ್ಲ ಟೈನಕ್ಕ, ಬೇಗ ಬಿಟ್ರೆ ಇವತ್ತೇ ಗರಗಸಕ್ಕೆ ವಾಪಸ್ಸು.

ಎಲ್ಲಿ ನೋಯುತ್ತಿತ್ತು ಎಂದು ಹಿಲ್ಕಾ ಕೇಳಿದಳು. ಮೊದಲು ನಡುವೆ, ಆಮೇಲೆ ಇಲ್ಲಿ, ಬಲಗಡೆ ಕೆಳಗೆ, ಈಗ ಎಲ್ಲೂ ಇಲ್ಲ. ಎಷ್ಟು ನೋವಿತ್ತು. ಸ್ವಲ್ಪ. ಸ್ವಲ್ಪವಂತೆ – ಕೊಡಲಿ ಕಾಲಿಗೆ ಬಿದ್ದರೂ ಈ ಜನ ಸ್ವಲ್ಪ ಎನ್ನುತ್ತಾರೆ, ಹಿಲ್ಕಾಳ ಅಪ್ಪನೂ ಹಾಗೇ ಎನ್ನುತ್ತಿದ್ದ, ಅವಳೂ ಹಾಗೆ ಹೇಳುತ್ತಲೇ ಬೆಳೆದವಳು. ಜ್ವರದ ಕಡ್ಡಿ ಇಟ್ಟಳು, ಇದೆ, ಸ್ವಲ್ಪ ಇದೆ, ಆದರೆ ಸೌನಾದಿಂದ ಬಂದವನ ಮೈ ಬಿಸಿಯಿರದೆ ತಣ್ಣಗಿರುತ್ತದೆಯೇ, ನಾಡಿ ಓಡುತ್ತಿದೆ, ಸೌನಾದಿಂದ ಬಂದವನ ನಾಡಿ ಓಡದೆ ನಿಲ್ಲುತ್ತದೆಯೇ, ಹಣೆಯಲ್ಲಿ ಬೆವರು, ಅದಕ್ಕೂ ಸೌನಾ ಎನ್ನಬಹುದು, ಎಲ್ಲದಕ್ಕೂ ಅದೊಂದೇ ಉತ್ತರ, ಅವಳ ಕೈಗೆ ಯಾವ ಗುರುತೂ ನೆಟ್ಟಗೆ ಸಿಗುತ್ತಿಲ್ಲ, ಎಲ್ಲವನ್ನೂ ಸೈಮಿ ಹಬೆಯಲ್ಲಿ ಕಲಸಿ ಕಳಿಸಿದ್ದಾಳೆ. ಪಟ್ಟಣದ ದೊಡ್ಡ ಆಸ್ಪತ್ರೆಗೆ ಕಳಿಸಬೇಕೇ ಬೇಡವೇ. ಕಳಿಸಿದರೆ ಹಿಮದ ರಸ್ತೆಯಲ್ಲಿ ಅರ್ಧ ದಿನ, ಊರಿಗೆಲ್ಲ ಇರುವುದೊಂದೇ ಆಂಬುಲೆನ್ಸ್, ಕಳಿಸದಿದ್ದರೆ – ಕಳಿಸದಿದ್ದರೆ ಏನೆಂಬುದು ಅವಳಿಗೆ ಗೊತ್ತು, ಈ ಸೀಮೆಯಲ್ಲಿ ಅವಳಿಗಿಂತ ಚೆನ್ನಾಗಿ ಗೊತ್ತಿರುವವರು ಇಲ್ಲ, ಅದೇ ತೊಂದರೆ, ಅಷ್ಟು ಚೆನ್ನಾಗಿ ಗೊತ್ತಿರುವುದೇ ತೊಂದರೆ. ಈ ಶರತ್ಕಾಲದಲ್ಲಿ ಹೀಗೇ ಹೆದರಿ ಒಂದು ಹುಡುಗಿಯನ್ನು ಕಳಿಸಿದ್ದಳು, ಹಸಿ ಬಟಾಣಿ ತಿಂದು ಹೊಟ್ಟೆ ಕೆಟ್ಟಿತ್ತು ಅಷ್ಟೆ, ಆಮೇಲೊಬ್ಬ ಅಂಚೆಯವನನ್ನು ಕಳಿಸಿದ್ದಳು, ಅವನು ಆಸ್ಪತ್ರೆ ಮುಟ್ಟುವ ಮೊದಲೇ ಗುಣವಾಗಿ ಡ್ರೈವರನ ಜೊತೆ ಕಾಫಿ ಕುಡಿದಿದ್ದ, ಆಗ ಅಲ್ಲಿನ ದೊಡ್ಡ ಸರ್ಜನ್ ಫೋನಿನಲ್ಲಿ, ಏನಮ್ಮ ಹಿಲ್ಕಾ, ನಿಮ್ಮೂರಲ್ಲಿ ಹೊಟ್ಟೆ ಅಂದ್ರೆ ಅಪೆಂಡಿಕ್ಸ್ ಒಂದೇನಾ ಇರೋದು, ಮಿಕ್ಕಿದ್ದೆಲ್ಲ ನಮ್ಮ ಪಟ್ಟಣದೋರಿಗೆ ಬಿಟ್ಟಿದ್ದೀರಾ. ಅವಳೂ ನಕ್ಕಿದ್ದಳು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಯಾವ ಹೊಟ್ಟೆ ಮುಟ್ಟಿದರೂ ಅವಳ ಬೆರಳಿಗೆ ಮೊದಲು ತಾಕುವುದು ತಮ್ಮ ತೌನೊ, ಆರು ವರ್ಷದ ತೌನೊ, ಅವನನ್ನು ದಾಟಿಕೊಂಡು ಹೋದರೆ ಮಾತ್ರ ಎದುರಿಗೆ ಮಲಗಿದವರು.

ಆವತ್ತು ತೌನೊ ಅಡುಗೆಮನೆಯ ಬೆಂಚಿನ ಮೇಲೆ ಕೂತಿದ್ದಾನೆ, ಹೊಟ್ಟೆನೋವು ನಿಂತು ಸೌನಾದಿಂದ ಬಂದು, ಒದ್ದೆ ಕೂದಲು ಮುಳ್ಳುಹಂದಿಯ ಹಾಗೆ ನಿಂತು, ಕೆನ್ನೆ ಕೆಂಪು, ಕೈಯಲ್ಲಿ ತಗಡಿನ ಲೋಟ, ಮೇಲುತುಟಿಯ ಮೇಲೆ ಹಾಲಿನ ಬಿಳಿ ಗೆರೆ, ಇನ್ನೂ ಸ್ವಲ್ಪ ಎಂದು ಲೋಟ ಚಾಚುತ್ತಾನೆ. ಅಮ್ಮ ಅಳುತ್ತ ನಗುತ್ತಾಳೆ, ಅಜ್ಜಿಯೋ, ನಾನ್ ಹೇಳಿರ್ಲಿಲ್ವಾ, ಸೌನಾ ಸಾರಾಯಿ ಮರದ ಟಾರು, ಈ ಮೂರಕ್ಕೆ ಹೋಗದ ಕಾಯಿಲೆ ದೇವರದ್ದು, ಮಿಕ್ಕಿದ್ದೆಲ್ಲ ನಮ್ಮದು, ಎನ್ನುತ್ತಾಳೆ, ಹೊರಗೆ ಅಂಗಳದಲ್ಲಿ ಅಪ್ಪ ಜಾರುಬಂಡಿಗೆ ಕುದುರೆ ಕಟ್ಟಿ ನಿಂತಿದ್ದಾನೆ, ಹುಡುಗನನ್ನು ಕಂಬಳಿ ಸುತ್ತಿ ಡಾಕ್ಟರರಿದ್ದ ಊರಿಗೆ ಒಯ್ಯಬೇಕೆಂದು, ಅಜ್ಜಿ ಬಾಗಿಲು ತೆಗೆದು, ಬಿಚ್ಚೋ ಕುದುರೇನ, ಮಗು ಹಾಲು ಕೇಳ್ತಾ ಇದೆ, ಎಂದಳು, ಅಪ್ಪ ಬಿಚ್ಚಿದ, ಎಂಟು ವರ್ಷದ ಹಿಲ್ಕಾ ಕಿಟಕಿಯಲ್ಲಿ ನಿಂತು ಅವನು ಬಿಚ್ಚುವುದನ್ನು ನೋಡಿದಳು, ಕುದುರೆಯ ಮೂಗಿನಿಂದ ಹಬೆ ಬರುತ್ತಿತ್ತು. ಆ ಸಂಜೆ ಮನೆಯಲ್ಲಿ ಹಬ್ಬ. ಆಮೇಲೆ ಜ್ವರ ಏರಿತು, ಹೊಟ್ಟೆ ಉಬ್ಬಿತು, ಹಿಮಗಾಳಿ ಎದ್ದು ರಸ್ತೆ ಎಲ್ಲಿ ಹೊಲ ಎಲ್ಲಿ ಎಂದು ಗುರುತು ಸಿಗದಾಯಿತು, ಗಾಳಿ ನಿಲ್ಲುವಷ್ಟರಲ್ಲಿ ತೌನೊ ಇರಲಿಲ್ಲ, ಅದೇ ಸೌನಾದಲ್ಲಿ, ಅವನು ಹುಟ್ಟಿದ್ದೂ ಅಲ್ಲೇ, ಅಜ್ಜಿ ಅವನನ್ನು ಇನ್ನೊಂದು ಸಲ ತೊಳೆದಳು, ಈ ಸಲ ಒಲೆ ಹಚ್ಚಲಿಲ್ಲ.

ಆಮೇಲೆ ಹಿಲ್ಕಾ ಓದಿದಳು. ಓದಿದಳು ಎನ್ನುವುದು ಸುಲಭ, ಅವಳು ಪುಸ್ತಕದೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಳು, ಪಟ್ಟಣದ ದೊಡ್ಡ ಶಾಲೆಗೆ ಕಳಿಸಿ ಎಂದು ಊಟ ಬಿಟ್ಟು ಕೂತಳು, ಅಪ್ಪ, ಹೆಣ್ಣುಮಗಳು ಅಷ್ಟು ಓದಿ ಏನ್ ಮಾಡ್ತೀಯ, ಕುದುರೆಗೆ ಲ್ಯಾಟಿನ್ ಕಲಿಸ್ತೀಯಾ ಎಂದ, ಡಾಕ್ಟರ್ ಆಗ್ತೀನಿ ಎಂದಳು, ಯಾಕೆ ಎಂದು ಯಾರೂ ಕೇಳಲಿಲ್ಲ, ಮನೆಯಲ್ಲಿ ತೌನೊನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ಅಜ್ಜಿ ಮಾತ್ರ ಅವಳ ಪೆಟ್ಟಿಗೆಗೆ ಉಣ್ಣೆಯ ಕಾಲುಚೀಲ ತುಂಬುತ್ತ, ಹೋಗ್ಲಿ ಬಿಡೋ, ಹಿಮದಲ್ಲಿ ನಡೆಯೋಳು ಹೆಂಗೂ ನಡೀತಾಳೆ ಎಂದಳು. ಬಾಡಿಗೆ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ಬಿಳಿ ಗೆರೆ, ತೆರೆದರೆ ಪುಸ್ತಕ, ಹಾಗಾಗಿ ತೆರೆದೇ ಇಟ್ಟಳು. ಹೆಲ್ಸಿಂಕಿಯಲ್ಲಿ ಮೊದಲ ಸಲ ಹೆಣದ ಹೊಟ್ಟೆ ಕೊಯ್ದಾಗ ಪಕ್ಕದ ಹುಡುಗರು ವಾಂತಿ ಮಾಡಿಕೊಂಡರು, ಅವಳು ಬಗ್ಗಿ ಅಪೆಂಡಿಕ್ಸನ್ನೇ ಹುಡುಕಿದಳು, ಸಿಕ್ಕಿತು, ಎರೆಹುಳುವಿನಷ್ಟು, ಅಷ್ಟೇ ಇತ್ತು, ಇಷ್ಟಕ್ಕೇನಾ, ಎಂದು ಅಂದುಕೊಂಡದ್ದು ಬಾಯಿಂದ ಹೊರಗೇ ಬಂದು ಎಲ್ಲರೂ ತಿರುಗಿ ನೋಡಿದರು. ಇನ್ನೊಂದು ದಿನ ಪಾಠದ ನಡುವೆ ಮೇಷ್ಟರು, ಕನ್ನಡಕ ಒರೆಸುತ್ತ, ಅದೇನೂ ದೊಡ್ಡ ಮಾತಲ್ಲ ಎನ್ನುವ ಹಾಗೆ, ನೋವು ಇದ್ದಕ್ಕಿದ್ದಂತೆ ನಿಂತರೆ ಹಿಗ್ಗಬೇಡಿ, ಒಳಗೆ ಅಪೆಂಡಿಕ್ಸ್ ಒಡೆದಿರುತ್ತೆ, ಅದರ ಬಿಗಿ ಇಳಿದಿರುತ್ತೆ, ರೋಗಿ ನಗ್ತಾನೆ, ಊಟ ಕೇಳ್ತಾನೆ, ಎಂದರು. ಹಾಲು ಕೇಳುತ್ತಾನೆ ಎಂದು ಅವರು ಹೇಳಲಿಲ್ಲ. ಆ ಸಲ ಕ್ರಿಸ್‌ಮಸ್ಸಿಗೆ ಊರಿಗೆ ಹೋದಾಗ ಕಣ್ಣು ಸರಿಯಾಗಿ ಕಾಣದ ಅಜ್ಜಿ ಒಲೆಯ ಪಕ್ಕ ಕೂತು, ನೋಡು ಹಿಲ್ಕಾ, ಆ ಮಗೂಗೆ ಕೊನೇಗೊಂದು ಸಂಜೆ ನೆಮ್ಮದಿ ಕೊಟ್ಟೆನಲ್ಲ, ನನ್ನ ಸೌನಾ ಅಷ್ಟಾದ್ರೂ ಮಾಡ್ತು, ಎಂದಳು, ಹಿಲ್ಕಾ ಹೌದಜ್ಜಿ ಎಂದಳು, ಅಜ್ಜಿ ಅದೇ ನೆಮ್ಮದಿಯಲ್ಲಿ ಸತ್ತಳು. ಹಿಲ್ಕಾಳಿಗೂ ಒಂದು ನೆಮ್ಮದಿ ಉಳಿದಿತ್ತು, ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ – ಲೋಟ ಚಾಚುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅಪ್ಪ ಕುದುರೆ ಬಿಚ್ಚದಿದ್ದರೂ ಅಷ್ಟೆ, ಬಿಚ್ಚಿದರೂ ಅಷ್ಟೆ, ಒಡೆದದ್ದು ಒಡೆದಾಗಿತ್ತು. ಪುಸ್ತಕಗಳು ಬೇರೆ ಹೇಳುತ್ತಿದ್ದವು. ಪುಸ್ತಕದವರ ಹೊಟ್ಟೆಗಳು ಬೇರೆ, ತೌನೊನ ಹೊಟ್ಟೆ ಬೇರೆ.

ಎದ್ದೇಳ್ಲಾ ಡಾಕ್ಟರಮ್ಮ ಎಂದು ಪೆಂಟಿ ಕೇಳುತ್ತಿದ್ದಾನೆ, ಎಷ್ಟು ಹೊತ್ತಿನಿಂದ ಕೇಳುತ್ತಿದ್ದಾನೋ, ಟೈನಾ ಅವಳ ಮುಖವನ್ನೇ ನೋಡುತ್ತಿದ್ದಾಳೆ, ಸೈಮಿ ಆಗಲೇ ಎದ್ದು ನಿಂತು ಮಗನ ಕೋಟು ಹಿಡಿದಿದ್ದಾಳೆ, ಮನೇಲಿ ಹಸು ಕಾಯ್ತಾ ಇದೆ, ಹಾಲು ಕರೀಬೇಕು, ಒಂದು ಗುಳಿಗೆ ಕೊಟ್ರೆ ಹೊರಡ್ತೀವಿ. ಕೋಟು. ಕುದುರೆ. ಬೇಡ, ಅದನ್ನು ನೋಡಬೇಡ, ಇವನನ್ನು ನೋಡು, ಇವನು ತೌನೊ ಅಲ್ಲ, ಮೂವತ್ತು ದಾಟಿದ ಗಂಡಸು, ಗಡ್ಡ ಹೆರೆದುಕೊಂಡು ಬಂದಿದ್ದಾನೆ, ಇವನ ಮೈ ಏನು ಹೇಳುತ್ತದೆ ಅಷ್ಟೇ ಕೇಳು. ಅವನು ಮಾತಾಡುತ್ತಲೇ ಇದ್ದಾನೆ, ತಮಾಷೆಯ ಮೇಲೆ ತಮಾಷೆ, ಟೈನಾ ನಗುತ್ತಾಳೆ, ಸೈಮಿಯೂ ನಗುತ್ತಾಳೆ, ಆದರೆ ಅವನು – ಅವನು ನಗುತ್ತಿಲ್ಲ. ಬಾಯಿ ಮಾತ್ರ ಅಗಲವಾಗುತ್ತದೆ. ಉಸಿರು ಮೇಲೆ ಮೇಲೆ, ಕೊರಳ ಬುಡದಲ್ಲೇ ಆಡುತ್ತಿದೆ. ಎಲೆ, ಹೊಕ್ಕುಳ ಪಕ್ಕದ ಎಲೆ, ಅವನು ಬಂದು ಮಲಗಿದಾಗಿನಿಂದ ಇಷ್ಟು ಮಾತು ಇಷ್ಟು ಉಸಿರು, ಅದು ಏಳಲಿಲ್ಲ, ಇಳಿಯಲಿಲ್ಲ, ಮೇಜಿನ ಮೇಲೆ ಬಿದ್ದ ಎಲೆಯ ಹಾಗೆ ಬಿದ್ದಿದೆ. ಕೆಮ್ಮಿ ಎಂದಳು. ಕೆಮ್ಮು ಇಲ್ಲವಲ್ಲ ಎಂದ. ಆದರೂ ಕೆಮ್ಮಿ. ಅವನು ಮೊದಲ ಸಲ ತಮಾಷೆ ಬಿಟ್ಟು, ಅವಳ ಕಡೆ ನೋಡಿ, ಬೇಡ ಎಂದ. ಯಾಕೆ. ಸುಮ್ನೆ. ಅವಳು ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು, ಹಲಗೆ, ಬಿಸಿಯಾದ ಹಲಗೆ.

ಆಸ್ಪತ್ರೆಗೆ ಹೋಗ್ತೀರಿ, ಈಗಲೇ, ಎಂದಳು. ತನ್ನ ದನಿ ತನಗೇ ತೀರ ಸಣ್ಣದಾಗಿ ಕೇಳಿಸಿತು. ಸೈಮಿ ಕೋಟನ್ನು ಎದೆಗೊತ್ತಿಕೊಂಡು, ನೋವಿಲ್ದೋರ್ನ ಕೊಯ್ಯೋಕೆ ಕಳಿಸ್ತೀರಾ, ಬಟಾಣಿ ತಿಂದಿದ್ದ ಆ ಹುಡುಗೀನ ಕಳಿಸಿದ್ರಂತಲ್ಲ, ಊರೆಲ್ಲ ಗೊತ್ತು, ಎಂದಳು, ಟೈನಾ ನೆಲ ನೋಡಿದಳು. ಗೊತ್ತಮ್ಮ, ಆವತ್ತು ತಪ್ಪಿದೆ. ಇವತ್ತೂ ತಪ್ಪಿರಬಹುದಲ್ಲ. ಇರಬಹುದು, ತಪ್ಪಿದ್ರೆ ಬಂದು ಬೈಯಿರಿ, ನಾನು ಇಲ್ಲೇ ಇರ್ತೀನಿ. ಸೈಮಿ ಇನ್ನೂ ಏನೋ ಹೇಳುವವಳಿದ್ದಳು, ಪೆಂಟಿ ಚಾವಣಿಯಿಂದ ಕಣ್ಣು ತೆಗೆಯದೆ, ಅಮ್ಮ, ಕೋಟು ಹೊದಿಸು, ಚಳಿ ಆಗ್ತಾ ಇದೆ, ಎಂದ, ಅಷ್ಟು ಬಿಸಿ ಕೋಣೆಯಲ್ಲಿ, ಅವನ ಹಲ್ಲು ಕಟಕಟ ಎಂದದ್ದು ಎಲ್ಲರಿಗೂ ಕೇಳಿಸಿತು. ಫೋನಿನಲ್ಲಿ ಸರ್ಜನ್, ಮತ್ತೊಂದಾ ತಾಯಿ, ನೋವಿದೆಯಾ, ಇಲ್ಲ, ಇಲ್ವಾ, ಇಲ್ಲ, ನಿಂತುಹೋಗಿದೆ ಅದಕ್ಕೇ ಕಳಿಸ್ತಿದ್ದೀನಿ, ಆ ಕಡೆಯಿಂದ, ಕಳಿಸು.

ಆಂಬುಲೆನ್ಸ್ ಹೋಯಿತು, ಟೈನಾ ಜೊತೆಗೆ ಹೋದಳು, ಹಸುವಿನ ಚಿಂತೆಯ ಸೈಮಿ ನೆರೆಯವರಿಗೆ ಹೇಳಿಕಳಿಸಿ ಬೆಂಚಿನ ಮೇಲೇ ಕೂತಳು, ಹಿಲ್ಕಾ ಮಿಕ್ಕವರ ಕಿವಿ ನೋಡಿದಳು, ಗಂಟಲು ನೋಡಿದಳು, ಮುದುಕನೊಬ್ಬನ ಮೊಣಕಾಲು ನೋಡಿದಳು, ಯಾವುದನ್ನೂ ನೋಡಲಿಲ್ಲ. ರಸ್ತೆಯಲ್ಲಿ ಹಿಮ ಸರಿಸಿದ್ದಾರೋ ಇಲ್ಲವೋ, ಸೇತುವೆಯ ಹತ್ತಿರ ಯಾವಾಗಲೂ ಜಾರುತ್ತದೆ, ಅವನು ಈಗ ಎದ್ದು ಕೂತು ಡ್ರೈವರನಿಂದ ಕಾಫಿ ಇಸಿದುಕೊಂಡಿದ್ದರೆ, ಇಸಿದುಕೊಂಡಿರಲಿ ದೇವರೇ, ಊರೆಲ್ಲ ನಗಲಿ, ಇಲ್ಲ, ಹಾಗಾದರೆ ನಾನು ಯಾವತ್ತೂ ಬರೀ ತಮ್ಮನನ್ನೇ ನೋಡಿದವಳು, ಇಷ್ಟು ವರ್ಷ ಓದಿದ್ದು ಒಂದೇ ಹೊಟ್ಟೆ – ಕಿಟಕಿ ಕಪ್ಪಾಯಿತು, ಮಧ್ಯಾಹ್ನವೇ ಕಪ್ಪಾಗುವ ದಿನಗಳು. ರಾತ್ರಿ ಫೋನ್ ಹೊಡೆದುಕೊಂಡಾಗ ಅವಳಿಗಿಂತ ಮುಂಚೆ ಸೈಮಿ ಎದ್ದಳು.

ಒಡೆದಿತ್ತು, ಎಂದ ಸರ್ಜನ್. ದನಿಯಲ್ಲಿ ತಮಾಷೆ ಇರಲಿಲ್ಲ, ದಣಿವಿತ್ತು. ಒಡೆದು ಬೆಳಗ್ಗಿನಿಂದ ಸೋರಿದೆ, ತೊಳೆದು ಹೊಲಿದಿದ್ದೀವಿ, ಆಳು ಗಟ್ಟಿ, ಬದುಕ್ಕೋತಾನೆ, ಬೆಳಿಗ್ಗೆ ನೋವು ನಿಂತ ಮೇಲೂ ಟೈಮಿತ್ತು ಹಿಲ್ಕಾ, ನೀನು ಆ ಟೈಮನ್ನ ಹಾಳು ಮಾಡ್ಲಿಲ್ಲ. ಅವಳು ಫೋನಿಟ್ಟು, ಬದುಕಿದ್ದಾನೆ ಎಂದು ಸೈಮಿಗೆ ಹೇಳಿದಳು, ಸೈಮಿ ಅಳಲಿಲ್ಲ, ಕುರ್ಚಿಯ ಬೆನ್ನು ಹಿಡಿದು ನಿಂತು, ಮೂಗೊರೆಸಿಕೊಂಡು, ಆ ಸೌನಾ ಆದ್ಮೇಲೆ ನಾನು ಅವನನ್ನ ಮಲಗಿಸಿಬಿಡ್ತಿದ್ದೆ ಡಾಕ್ಟರಮ್ಮ, ಒಗೆದ ಅಂಗಿ ಹಾಕಿಯಾಗಿತ್ತಲ್ಲ, ಹಾಕಿದ್ದು ದಂಡ ಆಗುತ್ತೆ ಅಂತ ಹೊರಡಿಸ್ದೆ, ಎಂದಳು, ಆಮೇಲೆ ಅವಳ ಕೈ ಹಿಡಿದುಕೊಂಡು, ನೋವು ಹೋದ್ಮೇಲೂ ಹೊತ್ತಿತ್ತು ಅಲ್ವಾ, ಹೊತ್ತು ಮೀರಿರ್ಲಿಲ್ಲ. ಇತ್ತಮ್ಮ, ಮೀರಿರಲಿಲ್ಲ, ಎಂದಳು ಹಿಲ್ಕಾ. ಈಗ ಸಂತೋಷ ಬರಬೇಕಿತ್ತು, ಬರುತ್ತಿದೆ ಎಂದುಕೊಂಡಳು, ಎದೆಯಲ್ಲಿ ಏನೋ ಬಿಚ್ಚಿಕೊಳ್ಳುತ್ತಿತ್ತು, ಅದು ಸಂತೋಷವಲ್ಲ – ಮೀರಿರಲಿಲ್ಲ, ನೋವು ನಿಂತ ಮೇಲೂ ಹೊತ್ತಿತ್ತು, ಇವನಿಗಿತ್ತು, ಅಂದರೆ ಒಡೆದದ್ದು ಒಡೆದಾಗಿತ್ತು ಎಂಬುದು – ಅಂದರೆ ಆವತ್ತು, ಗಾಳಿ ಇನ್ನೂ ಎದ್ದಿರಲಿಲ್ಲ, ರಸ್ತೆ ಕಾಣುತ್ತಿತ್ತು, ಕುದುರೆ ಕಟ್ಟಿಯೇ ಇತ್ತು, ಆ ಸಂಜೆಯಿಡೀ, ಅಜ್ಜಿ ನೆಮ್ಮದಿ ಕೊಟ್ಟ ಆ ಸಂಜೆಯಿಡೀ – ತೌನೊ ಬೆಂಚಿನ ಮೇಲೆ, ಒದ್ದೆ ಕೂದಲು, ಮೇಲುತುಟಿಯ ಮೇಲೆ ಬಿಳಿ ಗೆರೆ, ಲೋಟ ಚಾಚಿದ್ದಾನೆ, ಇನ್ನೂ ಸ್ವಲ್ಪ ಎನ್ನುತ್ತಿದ್ದಾನೆ, ಲೋಟ ಚಾಚಿಯೇ ಇದ್ದಾನೆ.